ಅಂಗೈಯಲ್ಲಿ ಬರೆದ ಎಣಿಕೆ

ನಾನು ತರಲೆ, ಸಿನಿಮಾ ಡೈಲಾಗ್ ಹೊಡೆಯದೆ ತುತ್ತು ಇಳಿಯದವಳು, ಒಪ್ಪಿದೆ. ಆದರೆ ಆ ಮಧ್ಯಾಹ್ನದ್ದು ತಮಾಷೆಯಲ್ಲ.

ಹೆರಿಗೆ ವಾರ್ಡಿನಲ್ಲಿ ನರ್ಸಿಂಗ್ ಓದುವ ನಾವು ಕಲಿಯುವುದು ಹೀಗೆ: ಗರ್ಭಿಣಿಯ ಹೊಟ್ಟೆಗೆ ಕೊಳವೆಯಿಟ್ಟು, ಅದರ ಇನ್ನೊಂದು ತುದಿಗೆ ಕಿವಿಕೊಟ್ಟು, ಇಬ್ಬರು ವಿದ್ಯಾರ್ಥಿನಿಯರು ಒಬ್ಬರಾದ ಮೇಲೊಬ್ಬರು ಮಗುವಿನ ಎದೆಬಡಿತವನ್ನು ಒಂದು ನಿಮಿಷ ಎಣಿಸಬೇಕು. ಎಣಿಕೆಯನ್ನು ಅಂಗೈಯಲ್ಲಿ ಬರೆದು ಒಟ್ಟಿಗೆ ತೋರಿಸಬೇಕು. ಆವತ್ತು ಆರನೇ ಬೆಡ್ಡಿನ ಹೆಂಗಸು ಗೋಡೆ ನೋಡುತ್ತಾ ಸುಮ್ಮನೆ ಮಲಗಿದ್ದಳು. ಕೊಳವೆ ಕಿವಿಗೆ ಮಂಜುಗಡ್ಡೆಯಂತೆ ತಾಗಿತು. ಅವಳ ನಾಡಿ ಎಪ್ಪತ್ತು, ಒಳಗಿನದು ನೂರ ನಲವತ್ತನಾಲ್ಕು. ನನ್ನ ಜೊತೆ ಎಣಿಸಿದ ಗೆಳತಿಯ ಅಂಗೈಯಲ್ಲೂ ಅದೇ.

"ಸೂಪರ್ ಹಿಟ್ ಜೋಡಿ ಕಣೇ ನಾವು!" ಎಂದೆ.

ಸಿಸ್ಟರ್ ಬಂದು ನಮ್ಮನ್ನು ಬಾಗಿಲ ಬಳಿಗೆ ಎಳೆದರು. "ಐದನೇ ಬೆಡ್ ಅಂದಿದ್ದೆ ಕಣ್ರೇ! ಇವ್ರಿಗೆ ಬೆಳಿಗ್ಗೆನೇ ಹೆರಿಗೆ ಆಯ್ತು. ಒಂದೇ ಮಗು, ಉಳೀಲಿಲ್ಲ. ಏನು ಎಣಿಸಿದ್ರಿ?"

ಗೆಳತಿ ಅಂಗೈಯನ್ನು ಏಪ್ರನ್ನಿಗೆ ಉಜ್ಜಿದಳು. "ನಾನು ಕೇಳೇ ಇಲ್ಲ ಸಿಸ್ಟರ್. ಎಲ್ಲಾ ಇವಳದೇ ಆಟ."

ಎರಡು ವರ್ಷ ನನ್ನ ತಟ್ಟೆಯಲ್ಲೇ ಕೈಹಾಕಿ ಉಂಡವಳು!

ಸಿಸ್ಟರ್ ನನ್ನತ್ತ ತಿರುಗಿದರು. "ಇದರಲ್ಲೂ ನಿನ್ನ ಸಿನಿಮಾನಾ? ನಿನ್ನ ಕೇಸ್ ಬುಕ್‌ಗೆ ನಾನು ಸಹಿ ಹಾಕಲ್ಲ, ಹೋಗು."

ಸಹಿಯಿಲ್ಲದಿದ್ದರೆ ಪರೀಕ್ಷೆಯಿಲ್ಲ. "ನೀವೇ ಒಂದ್ಸಲ ಕೇಳಿ ಸಿಸ್ಟರ್, ದಮ್ಮಯ್ಯ."

ಅವರು ಸಿಡುಕುತ್ತಲೇ ಹೋಗಿ ಕೊಳವೆಯಿಟ್ಟು ಬಗ್ಗಿದರು. ಕಣ್ಣು ವಾಚಿನ ಮೇಲಿತ್ತು, ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಪೂರ್ತಿ ಒಂದು ನಿಮಿಷವಾದ ಮೇಲೆ ಎದ್ದು, ನನ್ನ ಮುಖ ನೋಡದೆ, "ಏನೂ ಇಲ್ಲ. ನೀನು ಹೊರಡು" ಎಂದರು.

ಆಗ ಆ ಹೆಂಗಸು ಮೊದಲ ಸಲ ಬಾಯಿ ಬಿಟ್ಟಳು.

"ಮೂರು ಜನಾನೂ ಎಣಿಸಿದ್ರಲ್ಲ ಅಕ್ಕಾ, ಎಷ್ಟಿತ್ತು?"

ಗೆಳತಿ ಸಿಸ್ಟರನ್ನು ನೋಡಿದಳು. ಸಿಸ್ಟರ್ ಪರದೆ ಎಳೆದರು.