ಮೂರು ಸಲ ಬೆಸೆದ ಎಳೆ

ದಿನದ ಏಳನೇ ಮನೆ. ಬೀದಿಯ ಇಂಟರ್ನೆಟ್ ಡಬ್ಬಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೂತು ಅವನ ಮಂಡಿ ಹಿಡಿದುಕೊಂಡಿತ್ತು. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಬೆಸೆಯುವುದು ಅವನ ಕೆಲಸ. ಇನ್ನೊಂದು ತುದಿಯಲ್ಲಿ, ಮನೆಯೊಳಗೆ ಮೀಟರ್ ಹಿಡಿದು ಎಷ್ಟು ಬೆಳಕು ತಲುಪಿತೆಂದು ಹೇಳುವುದು ಅವಳ ಕೆಲಸ. ಮೂರು ವರ್ಷದಿಂದ ಇಬ್ಬರೂ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಹೀಗೇ ದುಡಿದಿದ್ದರು. ಅವಳ ಏದುಸಿರು ಕೇಳಿಯೇ ಎಷ್ಟನೇ ಮಹಡಿ ಹತ್ತಿದ್ದಾಳೆಂದು ಅವನು ಹೇಳಬಲ್ಲ.

ನಾಳೆಯಿಂದ ಅವಳಿಗೆ ಆಫೀಸಿನ ಮೇಜು. ಇವನ ಕಿವಿಗೆ ಇನ್ಯಾರೋ ಬರುತ್ತಾರೆ. ಅವಳಿಗೆ ಹೇಳಬೇಕಾದ ಒಂದು ಮಾತನ್ನು ಬೆಳಿಗ್ಗೆಯಿಂದ ಮನೆಮನೆಗೂ ಹೊತ್ತು ತಿರುಗಿ ಸುಸ್ತಾಗಿದ್ದ.

"ಮೇಷ್ಟ್ರೇ, ಬೇಗ." ಅವನ ಅಚ್ಚುಕಟ್ಟಿಗೆ ಅವಳೇ ಇಟ್ಟ ಹೆಸರದು. "'ನಿಮ್ಮ ಬೀದಿಗೆ ಲೈನ್ ಇಲ್ಲ' ಅಂತ ಕಂಪನಿಯವರು ಈ ತಾತನ್ನ ಎರಡು ವರ್ಷ ಸತಾಯಿಸಿದಾರೆ. ಮೊಬೈಲ್ ನೆಟ್ ಹೋಗಿ ಹೋಗಿ, ಗೆಲ್ಲೋ ಚೆಸ್ ಆಟ ಎಲ್ಲ ಸೋತಿದಾರಂತೆ."

"ಬೆಸೆದೆ. ನೋಡಿ ಮೇಡಂ."

"ಮೈನಸ್ ಇಪ್ಪತ್ತೆಂಟು."

ಅಂಕಿ ಇಪ್ಪತ್ತೈದು ದಾಟಿದರೆ ಬೆಳಕು ಸಾಲದೆ ಲೈನ್ ಕಡಿದುಹೋಗುತ್ತದೆ. ಅವನ ಕೈಯಲ್ಲಿ ಇಷ್ಟು ಕೆಟ್ಟ ಬೆಸುಗೆ ಎಂದೂ ಆಗಿರಲಿಲ್ಲ. ಎಳೆ ಕತ್ತರಿಸಿ, ಒರೆಸಿ, ಮತ್ತೆ ಬೆಸೆಯುವ ಯಂತ್ರದಲ್ಲಿಟ್ಟ.

"ನಾಳೆಯಿಂದ..." ಅಂದ.

"ಹ್ಞೂಂ, ನಾಳೆಯಿಂದ?"

"ಬಿಸಿಲು ಜಾಸ್ತಿ ಆಗುತ್ತಂತೆ."

"ಹೌದಾ. ಇಪ್ಪತ್ತೇಳು ಬಂತು. ಇನ್ನೊಂದು ಸಲ ಮಾಡಿ."

ಮೂರನೇ ಸಲ ಬೆಸೆಯುತ್ತ ಡಬ್ಬಿಯೊಳಗಿನ ಇರುವೆಗಳ ಬಗ್ಗೆ ಮಾತಾಡಿದ. ಆ ಕಡೆಯಿಂದ ಉದ್ದನೆಯ ನಿಟ್ಟುಸಿರು. "ಸರಿಯಾಯ್ತು. ಮೇಲೆ ಬನ್ನಿ."

ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ರೂಟರಿನ ಹಸಿರು ದೀಪ ಹೊತ್ತಿತ್ತು. ತಾತ ಆಗಲೇ ಆಟಕ್ಕೆ ಕೂತಿದ್ದರು. ಕಣ್ಣೆತ್ತದೆ ಕೇಳಿದರು, "ಅಲ್ಲಪ್ಪಾ, ಮೊದಲನೇ ಸಲವೇ ಮೀಟರಲ್ಲಿ ಹತ್ತೊಂಬತ್ತು ಬಂದಿತ್ತು. ಸುಮ್ಮನೆ ಯಾಕೆ ಕಡಿದು ಕಡಿದು ಹಾಕಿದೆ?"

ಅವಳು ಮೀಟರನ್ನು ಚೀಲಕ್ಕೆ ತುಂಬುವುದರಲ್ಲಿ ಇಲ್ಲದ ಶ್ರದ್ಧೆ ತೋರಿಸುತ್ತಿದ್ದಳು. ಕಿವಿ ಮಾತ್ರ ಕೆಂಪಗಾಗಿತ್ತು.

ಮೆಟ್ಟಿಲಿಳಿಯುವಾಗ ಅವನು ಕೇಳಿದ, "ಸುಳ್ಳು ರೀಡಿಂಗ್ ಹೇಳಿದ್ರಾ?"

"ಒಂದು ಸಲ ಬೆಸೆಯೋಕೆ ಹತ್ತು ನಿಮಿಷ. ನಿಮಗೆ ಎರಡು ಸಲ ಹೆಚ್ಚಿಗೆ ಕೊಟ್ಟೆ. ಬಿಸಿಲು, ಇರುವೆ ಅಂತ ಕಳೆದುಬಿಟ್ರಿ."

ಅವನು ಯಂತ್ರವನ್ನು ಮೆಟ್ಟಿಲ ಮೇಲಿಟ್ಟ.

"ನಾಳೆಯಿಂದ ಬೇರೆ ಯಾರೋ ನನಗೆ ರೀಡಿಂಗ್ ಹೇಳ್ತಾರೆ. ಹೇಳಲಿ. ಕೆಲಸ ಮುಗಿದ ಮೇಲೆ ನನಗೆ ನಿಮ್ಮ ದನಿ ಬೇಕು. ಫೋನಲ್ಲಿ ಅಲ್ಲ. ಒಂದೇ ಮನೇಲಿ."

ಇಷ್ಟು ಹೇಳುವಷ್ಟರಲ್ಲಿ ಏಳು ಮನೆಗಳ ದಣಿವೂ ಒಟ್ಟಿಗೆ ಬಂದು ಅವನ ಕಾಲಿಗಿಳಿಯಿತು. ಅವಳು ಅಲ್ಲೇ ಕೂತು ಶೂ ಬಿಚ್ಚಿ, ಊದಿದ ಪಾದ ಉಜ್ಜಿಕೊಂಡಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಕೂತ್ಕೊಳ್ಳಿ. ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡೋಣ."

"ಒಪ್ತಾರಾ ನಿಮ್ಮಮ್ಮ?"

"ನಾನು ಹೇಳಿದ್ದು ನಿಮ್ಮಮ್ಮನ ವಿಷಯ," ಅಂದಳು. "ನಮ್ಮಮ್ಮನಿಗೆ ಹೋದ ತಿಂಗಳೇ ಹೇಳಿಯಾಗಿದೆ."