ಅಚ್ಚುಮಣೆಯ ಕೈಪಿಡಿ

'ಮೊದಲು ಡಾಕ್ಯುಮೆಂಟೇಶನ್ ಓದಿ, ಆಮೇಲೆ ಪ್ರಶ್ನೆ ಕೇಳಿ' ಎಂಬ ಉತ್ತರ ನೋಡಿ ಪದ್ಮಿನಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಕೊಳ್ಳೇಗಾಲದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಕಂಸಾಳೆ ಹಾಡುಗಾರ ದೊಡ್ಡಮಾದಪ್ಪ ಹಾಡಿದ್ದ, ಬೆಟ್ಟದ ದೇವರು ಮಾದಪ್ಪನ ಪದಗಳನ್ನು ಪ್ರೆಸ್ಸಿನ ಯಜಮಾನ ರಂಗನಾಯಕ ಬಹಳ ಹಿಂದೆಯೇ ಟೈಪ್ ಮಾಡಿಸಿಟ್ಟಿದ್ದರು. ಹಾಡಿದವರು ಈಗಿಲ್ಲ. ಹಳೆಯ ಫಾಂಟಿನ ಆ ಫೈಲುಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚುಗಳು. ಅವನ್ನು ಇವತ್ತಿನ ಕನ್ನಡಕ್ಕೆ ಬದಲಿಸುವ 'ಅಚ್ಚುಮಣೆ' ಎಂಬ ಸಾಫ್ಟ್‌ವೇರ್ ಲೈಬ್ರರಿ ಇಂಟರ್ನೆಟ್ಟಿನಲ್ಲಿ ಸಿಕ್ಕಿತ್ತು. ಓಪನ್ ಸೋರ್ಸ್ ಕೋಡು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಆದರೆ ಪದಗಳನ್ನು ಅದಕ್ಕೆ ಹಾಕಿ ತೆಗೆದರೆ ಒತ್ತಕ್ಷರಗಳೇ ಮಾಯ. ಮಾದಪ್ಪ 'ಮಾದಪ' ಆಗಿ ಕೂತಿದ್ದ. ಯಾಕೆ ಹೀಗೆ ಎಂದು ಕೋಡ್ ಬರೆದವರನ್ನೇ ಕೇಳಿದ್ದಕ್ಕೆ ಬಂದದ್ದು ಆ ಉತ್ತರ.

ಅವಳು ತಿರುಗಿ ಬರೆದಳು: 'ಓದಿದೆ. ಓದಿದ್ದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕೋಡ್ ಬಹಳ ಚೆನ್ನಾಗಿದೆ. ನಿಮ್ಮ ಡಾಕ್ಯುಮೆಂಟೇಶನ್ ಮಾತ್ರ ನೀವು ನಿಮಗೇ ಹೇಳಿಕೊಂಡ ಹಾಗಿದೆ.'

ಅದಕ್ಕೆ ಉತ್ತರ ಬರಲಿಲ್ಲ. ಭಾನುವಾರ ಪ್ರೆಸ್ಸಿನ ಬಾಗಿಲಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದ ಒಬ್ಬ ನಿಂತಿದ್ದ.

"ಪದ್ಮಿನಿ ಅನ್ನೋರು..."

"ನಾನೇ. ಮದ್ವೆ ಕಾರ್ಡಾ, ತಿಥಿ ಕಾರ್ಡಾ?"

"ಡಾಕ್ಯುಮೆಂಟೇಶನ್ನು."

ಅವಳು ತಲೆಯೆತ್ತಿ ನೋಡಿದಳು. ಅವನು ಕಣ್ಣು ತಗ್ಗಿಸಿದ. ಬೈಸಿಕೊಳ್ಳಲೆಂದೇ ಬಂದವನ ಹಾಗಿದ್ದ.

ಅವನೇ 'ಅಚ್ಚುಮಣೆ'ಯ ಕೋಡ್ ಬರೆದ ಬಸವಕುಮಾರ್. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯವನು, ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಅವಳ ಹೆಸರಿನ ಕೆಳಗೆ ಕೊಳ್ಳೇಗಾಲದ ಪ್ರೆಸ್ಸಿನ ವಿಳಾಸ ಇದ್ದುದನ್ನು ನೋಡಿ ಬಂದಿದ್ದ. ಪಕ್ಕದ ಕುರ್ಚಿ ಎಳೆದುಕೊಂಡು ಫೈಲು ನೋಡಿ, ಒಂದು ಸಾಲು ಸೇರಿಸಿದ. ಒತ್ತುಗಳು ಒಂದೊಂದಾಗಿ ಅಕ್ಷರಗಳ ಕೆಳಗೆ ಬಂದು ಕೂತವು.

"ಯಾವ ಕಾಲದ ಫಾಂಟು ಅಂತ ಮೊದ್ಲೇ ತಿಳಿಸ್ಬೇಕು. ಅದು ಎಲ್ರಿಗೂ ಗೊತ್ತಿರುತ್ತೆ ಅಂತ ಬರೀಲಿಲ್ಲ."

"ಎಲ್ರಿಗೂ ಅಂದ್ರೆ ಯಾರ್ಗೆ ಸಾ?"

ಅವನು ನಿಜವಾಗಿಯೂ ಯೋಚಿಸಿದ. "ನಂಗೊಬ್ನಿಗೇ ಅನ್ಸುತ್ತೆ" ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಅವನೂ ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವುದನ್ನು ಅವಳು ನೋಡಿದಳು. ನೋಡಿದ್ದು ಅವನಿಗೆ ಕಾಣದಿರಲಿ ಎಂದು ಬೇಗ ಕೀಬೋರ್ಡಿನ ಕಡೆ ತಿರುಗಿದಳು.

ಆಮೇಲಿನ ಭಾನುವಾರಗಳೆಲ್ಲ ಕೈಪಿಡಿಗೇ ಮೀಸಲಾದವು. ಇಂಗ್ಲಿಷಿನಲ್ಲಿದ್ದ ಡಾಕ್ಯುಮೆಂಟೇಶನ್ನಿನ ಗಂಟುಗಂಟು ಪುಟಗಳನ್ನು ಬದಿಗಿಟ್ಟು ಪದ್ಮಿನಿ ಕನ್ನಡದಲ್ಲಿ ಹೊಸದಾಗಿ ಬರೆಯತೊಡಗಿದಳು. ಅವನು ತಾಂತ್ರಿಕ ವಿಷಯ ಹೇಳುತ್ತಿದ್ದ. ಅವಳು ಬರೆದು, ಓದಿ, ಅಳಿಸುತ್ತಿದ್ದಳು.

"ಇದನ್ಯಾಕೆ ಅಳ್ಸಿದ್ರಿ? ಸರಿಯಾಗೇ ಇತ್ತಲ್ಲ."

"ಸರಿಯಾಗಿತ್ತು. ಆದ್ರೆ ತಪ್ಪಾದಾಗ ಏನ್ ಮಾಡ್ಬೇಕು ಅಂತ ಇರ್ನಿಲ್ಲ. ಜನ ಈ ಪುಟ ತೆಗ್ಯಾದೇ ತಪ್ಪಾದಾಗ ಕಣ್ರಿ."

ಅವನು ಅವಳನ್ನೇ ನೋಡುತ್ತ ಕೂತ.

"ಸ್ಕ್ರೀನ್ ಅಲ್ಲಿ ಅದೆ" ಎಂದಳು ಅವಳು, ತಿರುಗದೆಯೇ.

"ಗೊತ್ತು."

ಬರೆದದ್ದನ್ನು ಬಳಸುವವರ ಕೈಗೇ ಕೊಟ್ಟು ನೋಡಬೇಕು ಎಂದು ಅವಳು ಹಟ ಹಿಡಿದಳು. ಹನೂರಿನಲ್ಲಿ ಮೀನಾ ಎಂಬ ಶಾಲೆಯ ಟೀಚರು ತಮ್ಮ ಹಳೆಯ ಪಾಠಗಳನ್ನು ಬದಲಿಸಿಕೊಳ್ಳಬೇಕೆಂದಿದ್ದರು. ಇಬ್ಬರೂ ಬೈಕಿನಲ್ಲಿ ಹೋದರು. ಮೀನಾ ಟೀಚರು ಕೈಪಿಡಿ ತೆರೆದು ಒಬ್ಬರೇ ಮಾಡಬೇಕು, ನಾವು ತುಟಿ ಬಿಚ್ಚಬಾರದು ಎಂದು ದಾರಿಯಲ್ಲೇ ಪದ್ಮಿನಿಯ ತಾಕೀತಾಗಿತ್ತು.

ಮೂರನೇ ಪುಟದಲ್ಲಿ ಟೀಚರು ತಡವರಿಸಿದರು. ಬಸವಕುಮಾರನ ಕೈ ಸ್ಕ್ರೀನಿನ ಕಡೆ ಎದ್ದಿತು. ಪದ್ಮಿನಿ ಮೇಜಿನ ಕೆಳಗೆ ಅವನ ಮಣಿಕಟ್ಟನ್ನು ಹಿಡಿದು ಎಳೆದಳು. ಟೀಚರು ತಾವೇ ಮತ್ತೊಮ್ಮೆ ಓದಿ, "ಓ, ಇಲ್ಲೇ ಬರ್ದವ್ರಲ್ಲ" ಎಂದು ಮುಂದುವರಿದರು. ಹಿಡಿದ ಕೈ ಬಿಡಬೇಕಾದ ಹೊತ್ತು ಯಾವಾಗಲೋ ದಾಟಿತ್ತು. ಇಬ್ಬರೂ ಬಿಡಲಿಲ್ಲ.

ವಾಪಸು ಬರುವಾಗ ರಸ್ತೆ ಪಕ್ಕದ ಹುಣಸೆ ಮರದ ಕೆಳಗೆ ಅವನು ಬೈಕು ನಿಲ್ಲಿಸಿದ.

"ಪೆಟ್ರೋಲಾ?" ಎಂದಳು.

"ಅಲ್ಲ. ಒಂದು ಮಾತು ಯೋಳ್ಬೇಕಿತ್ತು. ಬರ್ಯಾಕೆ ಬರಲ್ಲ ಅಂತ ನಿಂಗೆ ಗೊತ್ತಲ್ಲ. ಯೋಳಾಕೂ ಬರಲ್ಲ ನಂಗೆ."

'ನಿಂಗೆ' ಎಂದದ್ದನ್ನು ಅವಳು ಕೇಳಿಸಿಕೊಂಡಳು. ಹುಣಸೆ ಹೂವೊಂದು ಅವನ ಭುಜದ ಮೇಲೆ ಬಿದ್ದಿತ್ತು. ಕೈ ಚಾಚಿ ತೆಗೆದಳು.

"ಅರ್ಥ ಆಯ್ತು" ಎಂದಳು. ಆಮೇಲೆ, ಮರೆಯಬಾರದ್ದನ್ನು ನೆನಪಿಸುವ ಹಾಗೆ, "ನಮ್ಮೂರು ಹೂಗ್ಯಂ. ಅಪ್ಪ ಅವ್ವ ಕೂಲಿ ಮಾಡ್ತರೆ. ನಮ್ ಬೀದಿ ಯಾವುದು, ನಾವ್ ಯಾವ್ ಜನ ಅಂತ್ಲೂ ನಿಂಗೆ ಗೊತ್ತು. ನಿಮ್ಮನೇಲಿ..." ಎಂದು ನಿಲ್ಲಿಸಿದಳು.

"ನಮ್ಮವ್ವಂಗೆ ನಾನ್ ಯೋಳ್ತೀನಿ. ನಾನ್ ಯೋಳಿದ್ರೆ ಒಪ್ತರೆ."

ಅವಳು ನಂಬಿದಳು. ಆ ಮಳೆಗಾಲವೆಲ್ಲ ನಂಬಿಕೊಂಡೇ ಬರೆದಳು.

ಕೈಪಿಡಿ ಮುಗಿಯಿತು. ಕೊಳ್ಳೇಗಾಲದ ಕಾಲೇಜೊಂದರ ಹಾಲ್‌ನಲ್ಲಿ ಬಿಡುಗಡೆ. ಪ್ರೆಸ್ಸಿನವರು, ಟೀಚರುಗಳು, ಕೋಡ್ ಕಲಿಯುವ ಹುಡುಗಿಯರು ಬಂದಿದ್ದರು. ಮುಂದಿನ ಸಾಲಿನಲ್ಲಿ ಅವನ ತಾಯಿ ಪುಟ್ಟಮಲ್ಲಮ್ಮ, ಪಕ್ಕದಲ್ಲಿ ಬಿಳಿ ಪಂಚೆಯ ಸೋದರಮಾವ ಕೆಂಪನಂಜಪ್ಪ. ಪದ್ಮಿನಿ ಹಸಿರು ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವನು ಕರೆದಾಗ ವೇದಿಕೆಗೆ ಹೋಗಲು ದಾರಿ ಸಲೀಸಾಗಿರಲಿ ಎಂದು ಅಂಚಿನ ಕುರ್ಚಿ ಹಿಡಿದಿದ್ದಳು.

ಅವನಿಗೆ ಶಾಲು ಹೊದಿಸಿದರು. ಅವನು ಮಾತಾಡಿದ. ಕೊನೆಗೆ ನಿವೃತ್ತ ಮೇಷ್ಟ್ರು ಪುಟ್ಟಸಿದ್ದಯ್ಯ ಎದ್ದು ನಿಂತು ಕೇಳಿದರು. "ಸಾ, ನಂಗೆ ಕಂಪ್ಯೂಟ್ರು ಅಷ್ಟಕ್ಕಷ್ಟೇ. ಇದನ್ನ ಓದ್ದಾಗ ಯಾರೋ ಪಕ್ಕದಲ್ಲೇ ಕೂತು ಯೋಳ್ಕೊಟ್ಟಂಗಾಯ್ತು. ಬರೆದವ್ರು ಯಾರು?"

ಬಸವಕುಮಾರ್ ಹಿಂದಿನ ಸಾಲಿನ ಕಡೆ ನೋಡಿದ. ಪದ್ಮಿನಿ ಸೆರಗು ಸರಿಮಾಡಿಕೊಂಡಳು. ಅವನ ನೋಟ ಅಲ್ಲಿಂದ ಇಳಿದು ಮುಂದಿನ ಸಾಲಿಗೆ, ಮಾವನ ಮುಖಕ್ಕೆ ಬಂತು.

"ಅದು... ಒಬ್ರು ಅಂತ ಇಲ್ಲ. ಒಂದು ಟೀಮು ಸೇರಿ ಮಾಡಿದ್ದು" ಎಂದ.

ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಮೀನಾ ಟೀಚರು ಪದ್ಮಿನಿಯ ಕಡೆ ತಿರುಗಿದರು. ಪದ್ಮಿನಿ ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದಳು.

ಹೊರಗೆ ಊಟದ ಸಾಲಿನಲ್ಲಿ ಪುಟ್ಟಮಲ್ಲಮ್ಮ ಎದುರಾದರು. ಪಕ್ಕದಲ್ಲಿ ಮಗ. "ಇವ್ರು ಯಾರಪ್ಪ? ನಿನ್ನೇ ನೋಡ್ತಾವ್ರೆ" ಎಂದು ಕೇಳಿದರು.

ಅವನು ಊಟದ ಸಾಲಿನ ಕಡೆ ತಿರುಗಿದ.

"ಪ್ರೆಸ್ಸಲ್ಲಿ ಟೈಪಿಂಗ್ ಮಾಡ್ತರೆ ಕನವ್ವ."

"ಅಂಗಾ. ಊಟ ಮಾಡ್ಕಂಡೇ ಓಗವ್ವ, ಸಂಕೋಚ ಪಡ್ಬ್ಯಾಡ" ಎಂದರು ಆಕೆ, ಪ್ರೀತಿಯಿಂದಲೇ. ಆ ಪ್ರೀತಿಯೇ ಪದ್ಮಿನಿಗೆ ಮುಳ್ಳಾಗಿ ಚುಚ್ಚಿತು.

ಅವಳು ಊಟ ಮಾಡಲಿಲ್ಲ. ಬೈಕುಗಳು ನಿಂತಿದ್ದ ಕಡೆ ಅವನು ಓಡಿಬಂದು ಅವಳನ್ನು ತಡೆದ.

"ಪದ್ದು, ಮಾವ ಅಲ್ಲೇ ಕೂತಿದ್ರು. ನಿನ್ನೆಸ್ರು ಯೋಳಿದ್ರೆ ಊರ್ ಕೇಳ್ತರೆ, ಊರ್ ಯೋಳಿದ್ರೆ ಬೀದಿ ಕೇಳ್ತರೆ. ಅಷ್ಟು ಜನದ ಮುಂದೆ..."

"ಅಷ್ಟು ಜನ ಕೇಳಿದ್ದು ಬರೆದವ್ರು ಯಾರು ಅಂತ. ಬೀದಿ ಕೇಳ್ನಿಲ್ಲ."

"ಇವತ್ತೇ ವೆಬ್‌ಸೈಟಲ್ಲಿ ನಿನ್ನೆಸ್ರು ಹಾಕ್ತೀನಿ. ಮೊದಲ್ನೇ ಪುಟದಲ್ಲೇ."

"ನಿಮ್ಮವ್ವ ವೆಬ್‌ಸೈಟ್ ನೋಡ್ತರಾ?"

ಶಾಲು ಇನ್ನೂ ಅವನ ಹೆಗಲ ಮೇಲಿತ್ತು, ಜಾರುತ್ತಿದ್ದುದನ್ನು ಎಳೆದುಕೊಂಡ. ಆ ಕೈಯನ್ನು ಅವಳು ಎಷ್ಟು ಆಸೆಪಟ್ಟು ಹಿಡಿದಿದ್ದಳು.

"ಸ್ವಲ್ಪ ದಿನ ಕಾಯಿ" ಎಂದ.

"ಕಾಯ್ತೀನಿ ಅಂತ ಮಳೆಗಾಲವೆಲ್ಲ ಕಾದೆ. ಇವತ್ತು ಕರೀತೀಯ ಅಂತ ಅಂಚಲ್ಲೇ ಕೂತಿದ್ದೆ ಕನ."

ಮಾತು ಮುಗಿಸುವಾಗ ದನಿ ಒಡೆಯಿತು. ಅದು ಅವನಿಗೆ ಕೇಳಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ ಅವಳು ಹೊರಟುಹೋದಳು.

ಅವನು ಹೆಸರು ಹಾಕಿದ, ಮೊದಲ ಪುಟದಲ್ಲೇ. ಭಾನುವಾರಗಳು ನಿಂತವು. ದೊಡ್ಡಮಾದಪ್ಪನ ಪದಗಳು ಪುಸ್ತಕವಾಗಿ ಅಚ್ಚಾದವು. ಎಲ್ಲೆಲ್ಲಿಂದಲೋ ಜನ ಪದ್ಮಿನಿಗೆ ಪ್ರಶ್ನೆ ಬರೆಯುತ್ತಿದ್ದರು. ಅವಳು ಉತ್ತರಿಸುತ್ತಿದ್ದಳು, ಪುಟಗಳನ್ನು ತಿದ್ದುತ್ತಿದ್ದಳು. ತಿದ್ದಿದ್ದನ್ನು ಅವನು ಒಪ್ಪಿ ಸೇರಿಸುತ್ತಿದ್ದ. ಪರದೆಯ ಮೇಲೆ ಇಬ್ಬರ ಹೆಸರೂ ಒಂದರ ಕೆಳಗೊಂದು ಇರುತ್ತಿದ್ದವು. ಮಾತಿರುತ್ತಿರಲಿಲ್ಲ.

ಬೇಸಗೆಯಲ್ಲಿ ರಜೆ ಹಾಕಿ ತನ್ನೂರು ಹೂಗ್ಯಂಗೆ ಹೊರಟಿದ್ದಳು. ಬಸ್ಸು ಕೊಳ್ಳೇಗಾಲ ಬಿಡುವ ಹೊತ್ತಿಗೆ ಅವನ ಫೋನು ಬಂತು.

"ಪದ್ದು, ನಾಳೆ ನಿಶ್ಚಿತಾರ್ಥ. ಯಳಂದೂರು ಕಡೆ ಹುಡ್ಗಿ. ಮಾವನೇ ನೋಡಿರಾದು."

ಅವಳು ಕಿಟಕಿಯ ಕಂಬಿ ಹಿಡಿದುಕೊಂಡಳು.

"ನೀನು ಬ್ಯಾಡ ಅಂತ ಒಂದು ಮಾತು ಅಂದ್ಬುಡು. ಈಗ್ಲೇ ನಿಲ್ಸ್ತೀನಿ. ಅವ್ವ ಒಳ್ಗೇ ಅವ್ರೆ. ಏನಂತ ಯೋಳ್ಬೇಕು ಅಂತ ನೀನು ಯೋಳು, ಅಂಗೇ ಯೋಳ್ತೀನಿ."

ಅವನು ಅಳುತ್ತಿದ್ದ. ಆ ಅಳು ನಿಜ ಎಂದು ಅವಳಿಗೆ ಗೊತ್ತಿತ್ತು. 'ಬ್ಯಾಡ' ಎಂಬ ಮಾತು ತುಟಿಯವರೆಗೂ ಬಂದಿತ್ತು.

"ಅದನ್ನೂ ನಾನೇ ಬರೆದ್ಕೊಡ್ಬೇಕಾ ಬಸವು?" ಎಂದಳು.

ಆ ಕಡೆ ದೂರದಲ್ಲಿ ಪುಟ್ಟಮಲ್ಲಮ್ಮ ಮಗನನ್ನು ಕರೆದರು. "ಬಂದೆ ಕನವ್ವ" ಎಂದ ಅವನು. ಫೋನು ಕಟ್ಟಾಯಿತು.

ಅವನು ಒಳಗೆ ಹೋಗಿ ಅವ್ವನಿಗೆ ಹೇಳಲೂಬಹುದು. ಹೇಳಿದರೆ ಮತ್ತೆ ಫೋನು ಮಾಡುತ್ತಾನೆ. ಅವಳು ಮೊಬೈಲನ್ನು ಬ್ಯಾಗಿಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡಳು. ಹನೂರು ಬಂತು. ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ ಹತ್ತಿ ಬಸ್ಸು ತುಂಬಿತು. ಕಾಡು ಶುರುವಾಗುವ ಕಡೆ ಸಿಗ್ನಲ್ ಹೋಯಿತು.

ಊರಿನವರೆಗೂ ಅವಳು ಫೋನನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು.