ಬಿದ್ದಲ್ಲೇ ಬಿಡಬೇಕಿದ್ದ ಯಂತ್ರ

ಬೆಳಗ್ಗೆ ಅಲಾರಾಂ ಹೊಡೆದುಕೊಂಡಾಗ ಆಫೀಸಿನವರೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದರು. ಆಂಬುಲೆನ್ಸ್ ಕರೆಗಳನ್ನು ಹಂಚುವ ವರ್ಚುವಲ್ ಯಂತ್ರ ನಿಂತುಹೋಗಿತ್ತು. ಆದರೆ ಕರೆಗಳಿಗೆ ಹಿಂದಿನ ಸಂಜೆಯಿಂದಲೇ ಉತ್ತರವಿರಲಿಲ್ಲ. ಉಸಿರು ಕಟ್ಟಿದ ಒಬ್ಬ ತಾಯಿ ಆಂಬುಲೆನ್ಸಿಗೆ ಕಾದು ಕಾದು ಸತ್ತಿದ್ದಳು.

ಅದು ಬಂದದ್ದು ಯಾರ ತಲೆಗೆ? ಆ ಆಫೀಸಿನಲ್ಲಿ ಕೆಲಸಕ್ಕಿದ್ದ ಅಕ್ಕತಂಗಿಯರಲ್ಲಿ ಅಕ್ಕನ ತಲೆಗೆ.

ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯಲ್ಲಿ ಹತ್ತಾರು ವರ್ಚುವಲ್ ಯಂತ್ರಗಳು, ಅಂದರೆ ಸಾಫ್ಟ್‌ವೇರಿನಿಂದಲೇ ಮಾಡಿದ ಕಂಪ್ಯೂಟರುಗಳು. ಒಳಗಿನ ಪ್ರೊಸೆಸರ್ ಕೈಚೆಲ್ಲಿ ಶಟ್‌ಡೌನ್ ಆದರೆ ಮುಂದೇನು ಅಂತ ಹೊರಗಿನ ಸಾಫ್ಟ್‌ವೇರ್ ತೀರ್ಮಾನಿಸಬೇಕು. ಅಕ್ಕ ಬರೆದ ನಿಯಮ ಸರಳ. ಬಿದ್ದದ್ದನ್ನು ಬಿದ್ದಲ್ಲೇ ಬಿಡು, ಅಲಾರಾಂ ಹೊಡೆ, ಬದಲಿ ಯಂತ್ರ ಶುರುಮಾಡು.

"ಸಂಜೆ ಬಿದ್ದದ್ದಕ್ಕೆ ಬೆಳಗ್ಗೆ ಅಲಾರಾಂ! ಅದೇನು ಬರೆದಿದ್ದಾಳೋ!" ಎಂದ ಬೆಣ್ಣೆ. ಆ ಯಂತ್ರಗಳನ್ನು ನೋಡಿಕೊಳ್ಳುವವನು ಅವನೇ. ಸಾಹೇಬರಿಗೆ ಹಚ್ಚಿ ಹಚ್ಚಿ ಬಂದ ಹೆಸರು. ಯಾರಾದರೂ ತಪ್ಪು ಹೇಳಿದರೆ ತಿದ್ದುವ ತನಕ ಈ ಮಹಾಶಯನಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ.

ಸಂಜೆ ಅಕ್ಕನನ್ನು ಪೊಲೀಸರಿಗೆ ಒಪ್ಪಿಸುವುದೆಂದು ಸಾಹೇಬರು ಹೇಳಿಬಿಟ್ಟರು. ಅಲ್ಲೇ ಟೆಸ್ಟಿಂಗ್ ಕೆಲಸ ಮಾಡುವ ತಂಗಿ ಹಲ್ಲು ಕಚ್ಚಿದಳು.

"ಅಳಬೇಡ ಕಣಕ್ಕಾ. ಇದನ್ನ ಮಾಡಿದವನ ಚಳಿ ಬಿಡಿಸ್ತೀನಿ."

* * *

ತಂಗಿ ನಿಂತ ಯಂತ್ರವನ್ನು ತೆರೆದಳು. ಕೊನೆಯ ಸಲ ಎದ್ದ ಮೇಲೆ ಎಷ್ಟು ಹೊತ್ತು ಓಡಿತ್ತು ಅನ್ನುವುದು ಅದರೊಳಗೇ ಇರುತ್ತದೆ. ತಿಂಗಳುಗಟ್ಟಲೆ ನಿಲ್ಲದೆ ಓಡಿರಬೇಕಿದ್ದ ಯಂತ್ರ ಒಂದು ನಿಮಿಷವನ್ನೂ ತೋರಿಸಲಿಲ್ಲ!

ಕರೆಂಟು ಹೋಗಿ ಬಂದಿರಬಹುದೇ? ಎಲೆಕ್ಟ್ರಿಷಿಯನ್ ತಲೆಯಾಡಿಸಿದ. "ಇಲ್ಲಮ್ಮ. ಹೋಗಿದ್ರೆ ಎಲ್ಲಾ ಯಂತ್ರಗಳೂ ಆರಬೇಕಿತ್ತು."

ಹಾಗಾದರೆ ಬಿದ್ದ ಇದೊಂದನ್ನೇ ಯಾರೋ ಮತ್ತೆ ಎಬ್ಬಿಸಿದ್ದಾರೆ. ಅಕ್ಕನ ನಿಯಮ ಯಾವತ್ತೂ ಎಬ್ಬಿಸುವುದಿಲ್ಲ. ಅದನ್ನು ಬದಲಿಸುವ ಅಧಿಕಾರ ಅಕ್ಕನನ್ನು ಬಿಟ್ಟರೆ ಸಾಹೇಬರಿಗೆ, ಬೆಣ್ಣೆಗೆ.

* * *

ಸಂಜೆ ಮೀಟಿಂಗ್ ರೂಮಿನಲ್ಲಿ ಪೊಲೀಸರಿದ್ದರು. ಸತ್ತ ತಾಯಿಯ ಮಗ ಮೂಲೆಯಲ್ಲಿ ಕೂತಿದ್ದ.

"ಯಂತ್ರ ನಿನ್ನೆ ಸಂಜೆಯಿಂದ ಬಿದ್ದಲ್ಲೇ ಇದೆ," ಅಂದಳು ತಂಗಿ, ಏನೂ ಅರಿಯದವಳ ಹಾಗೆ. "ಮೊದಲು ಯಾಕೆ ಬಿತ್ತು ಅನ್ನೋದು ಮೆಮೊರಿಯಲ್ಲಿ ಹಾಗೇ ಇರುತ್ತೆ."

ಸಾಹೇಬರು ಹೂಂಗುಟ್ಟಿದರು. ಬೆಣ್ಣೆ ನಕ್ಕ. "ತಪ್ಪು. ರಾತ್ರಿಯೆಲ್ಲ ಬಿದ್ದು ಎದ್ದು ಮಾಡಿದೆ ಅದು. ಎದ್ದಾಗೆಲ್ಲ ಹಳೇದು ಅಳಿಸಿಹೋಗುತ್ತೆ. ಅಷ್ಟೂ ಗೊತ್ತಿಲ್ವಾ?"

"ಬಿದ್ದಲ್ಲೇ ಬಿಡೋದು ಅಕ್ಕನ ನಿಯಮ. ಎದ್ದದ್ದು ನಿನಗೆ ಹೇಗೆ ಗೊತ್ತಾಯ್ತು?"

ಬೆಣ್ಣೆ ಸಾಹೇಬರ ಮುಖ ನೋಡಿದ.

"ನಾನು ಹೇಳ್ತೀನಿ. ನಿನ್ನ ಯಂತ್ರಗಳು ಪದೇ ಪದೇ ಬೀಳ್ತಿದ್ವು. ಅಲಾರಾಂ ಹೊಡೆದಾಗೆಲ್ಲ ನಿನ್ನ ಮಾನ ಹೋಗ್ತಿತ್ತು. ಬಿದ್ದರೆ ಸದ್ದಿಲ್ಲದೆ ಎಬ್ಬಿಸು ಅಂತ ನಿಯಮ ಬದಲಿಸಿದೆ. ನಿನ್ನೆ ಎದ್ದ ಕೂಡಲೇ ಬಿತ್ತು, ಬೆಳಗಿನ ತನಕ ಅದೇ ಪಾಡು. ಬಂದು ನೋಡಿ ಹೆದರಿ ಅಕ್ಕನ ನಿಯಮ ವಾಪಸ್ ಹಾಕಿದೆ. ಮುಂದಿನ ಸಲ ಬಿದ್ದಾಗ ಅಲಾರಾಂ ಹೊಡೀತು. ಹೌದೋ ಅಲ್ವೋ?"

"ಒಳಗೊಳಗೇ ಮುಗಿಸೋಣ ಕಣಮ್ಮ... ಕೆಲಸ ಬಿಟ್ಟು ಹೋಗ್ತೀನಿ, ಕೈ ಮುಗೀತೀನಿ..."

ಅವನು ಬೇಡುವುದನ್ನು ನೋಡಿ ತಂಗಿಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ಇನ್ನೂ ಸ್ವಲ್ಪ ಬೇಡಲಿ ಅನಿಸಿತು. ಅವಳು ಮೂಲೆಯಲ್ಲಿದ್ದ ಮಗನ ಎದುರಿಗೆ ಕುರ್ಚಿ ಎಳೆದು ಹಾಕಿದಳು.

"ಕೂತ್ಕೋ," ಅಂದಳು ಬೆಣ್ಣೆಗೆ. "ಅಕ್ಕನ ತಪ್ಪಿಂದ ಅಮ್ಮ ಹೋದ್ರು ಅಂದ್ಕೊಂಡಿದ್ದಾರೆ ಇವರು. ತಿದ್ದು."